ಅಜ್ಜಿಯ ಗೋಪದ್ಮ

ಶ್ರೀಹರಿವಾಯುಗುರುಗಳ ದಯದಿಂದ ಈ ಸಲದ ಚಾತುರ್ಮಾಸ್ಯ ನಿರ್ವಿಘ್ನವಾಗಿ ಮುಗಿಯಿತು. ಉತ್ಥಾನ ದ್ವಾದಶಿಯ ಸಂಜೆ ತುಳಸಿಯ ಪಕ್ಕ ನೆಲ್ಲಿಯ ಟೊಂಗೆ ನೆಟ್ಟು ಆರತಿ ಎತ್ತುವಾಗ ಬಾಯಲ್ಲಿ ದಾಸರ ಪದ ಇತ್ತು, ಮನಸ್ಸು ಧಾರವಾಡದ ಮಳಮಡ್ಡಿಯ ಮನೆಯಲ್ಲಿತ್ತು. ತುಳಸಿಯ ಮುಂದೆ ಆಕಳ ಹೆಜ್ಜೆಯ ರಂಗೋಲಿ ಬರೆಯುವ ಗೋಪದ್ಮ ವ್ರತ ಹಿಡಿದ ಮೊದಲ ವರ್ಷ ನನಗಿದು. ಹಿಡಿಸಿದವಳು ಅಜ್ಜಿ ಅಂತಲೇ ನಾನು ತಿಳಿದಿದ್ದೇನೆ, ಆಕೆ ಹೋಗಿ ಎಷ್ಟೋ ವರ್ಷವಾಗಿದ್ದರೂ.

ಆಷಾಢದಲ್ಲಿ ಸ್ವಾಮಿ ಮಲಗಿದಲ್ಲಿಂದ ಕಾರ್ತಿಕದಲ್ಲಿ ಏಳುವ ತನಕ ದಿನಾ 33 ಗೋಪದ್ಮ, 33 ಪ್ರದಕ್ಷಿಣೆ, 33 ನಮಸ್ಕಾರ. ಹೀಗೆ ಐದು ವರ್ಷ. ಅಜ್ಜಿ ಐದು ಮುಗಿಸಿ ಉದ್ಯಾಪನೆ ಮಾಡಿ, ಮತ್ತೆ ಮೊದಲಿನಿಂದ ಶುರು ಮಾಡಿದವಳು. ಯಾಕಜ್ಜಿ ಅಂದರೆ, "ಕೈ ಸುಮ್ನ ಕೂಡೂದಿಲ್ಲವಾ" ಅನ್ನುತ್ತಿದ್ದಳು. ಒಂದೊಂದು ಹೆಜ್ಜೆ ಬರೆಯುವಾಗ ಒಂದೊಂದು ದೇವತೆಯ ಹೆಸರು: ವಸುಗಳು 8, ರುದ್ರರು 11, ಆದಿತ್ಯರು 12. ಕಡೆಗೆ ಪ್ರಜಾಪತಿ, ವಷಟ್ಕಾರ ಅಂತ ಕಿವಿಗೆ ಬಿತ್ತೆಂದರೆ ಪಕ್ಕದಲ್ಲಿ ತೂಕಡಿಸುತ್ತ ಕೂತ ನಾವು ಎದ್ದು ಓಡುವ ಹೊತ್ತು.

ಧಾರವಾಡದ ಆಷಾಢ ಅಂದರೆ ಬಿಡದ ಜಿಟಿಜಿಟಿ ಮಳೆ. ನೆಲ ಒಣಗುತ್ತಲೇ ಇರಲಿಲ್ಲ. ಪುಡಿ ಒದ್ದೆಯಾಗದಂತೆ ಸೆರಗಿನ ಮರೆಯಲ್ಲಿ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದಳು. ಎರಡು ಬಾಗಿದ ಗೆರೆ ಮುಂದೆ ಬಂದು ಕೂಡಬೇಕು, ನಡುವೆ ಸೀಳು, ಹಿಂದೆ ಎರಡು ಚುಕ್ಕಿ. "ಹಿಂದಿನ ಚುಕ್ಕಿ ಮರೀಬ್ಯಾಡ್ರೆ. ಅವಿಲ್ಲಂದ್ರ ಅದು ಆಕಳ ಹೆಜ್ಜಿ ಆಗೂದಿಲ್ಲ. ಕೆಸರಾಗ ನೋಡೀರಿಲ್ಲೋ?" ನಾವು ನೋಡಿರಲಿಲ್ಲ, ಆಕೆ ನೋಡಿದ್ದಳು. ಚೂಪು ತುದಿ ತುಳಸಿಯ ಕಡೆಗೇ ಇರಬೇಕು. "ಆಕಳು ಮನಿಗೆ ಬರ್ಲಿಕ್ಕತ್ತದ, ಹೊಂಟಿಲ್ಲ" ಎಂದು ತಿದ್ದುತ್ತಿದ್ದಳು.

ಆ ಬೆರಳಿನ ಬಗ್ಗೆ ಹೇಳಬೇಕು. ಬಲಗೈ ತೋರುಬೆರಳು, ರಂಗೋಲಿ ಕಲ್ಲಿನ ಪುಡಿ ತಿಕ್ಕಿ ತಿಕ್ಕಿ ತುದಿಯ ಗೆರೆಗಳೆಲ್ಲ ಬೆಳ್ಳಗೆ ತುಂಬಿಕೊಂಡಿತ್ತು. ತೊಳೆದರೂ ಹೋಗುತ್ತಿರಲಿಲ್ಲ. ಶಾಲೆಗೆ ಹೊರಡುವ ಮುಂಚೆ ಜಡೆ ಹಾಕಲು ಕೂರಿಸಿಕೊಂಡು ಬೈತಲೆ ತೆಗೆಯುವಾಗ ಆ ಬೆರಳು ನೆತ್ತಿಯಿಂದ ಹಣೆಯವರೆಗೆ ಗೀರಿಕೊಂಡು ಬರುತ್ತಿತ್ತು, ತೆಳ್ಳನೆಯ ಅರ ಎಳೆದ ಹಾಗೆ. ಮೈ ಜುಮ್ಮೆನ್ನುತ್ತಿತ್ತು. ಉಡುಪಿಯಲ್ಲಿ ನವಗ್ರಹ ಕಿಂಡಿಯಿಂದ ಕೃಷ್ಣನನ್ನು ಕಂಡಾಗ ಪಕ್ಕದವರೆಲ್ಲ ಕಣ್ಣೀರು ಹಾಕುತ್ತಿದ್ದರು; ನನಗೆ ಆದದ್ದು ಅದೇ ಜುಮ್ಮು, ನೆತ್ತಿಯಿಂದ ಹಣೆಗೆ. ಇದನ್ನು ಭಕ್ತಿ ಅನ್ನಬಹುದೋ ಇಲ್ಲವೋ, ಬಲ್ಲವರು ಹೇಳಲಿ.

ವ್ರತದ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ದೇವಲೋಕದ ವಾದ್ಯಕ್ಕೆ ಚರ್ಮ ಬೇಕು, ವ್ರತ ಮಾಡದವರನ್ನು ಹುಡುಕುತ್ತ ಯಮದೂತರು ಬರುತ್ತಾರೆ, ಕೃಷ್ಣ ಓಡಿಹೋಗಿ ಸುಭದ್ರೆಯಿಂದ ಗೋಪದ್ಮ ಮಾಡಿಸುತ್ತಾನೆ, ದೂತರು ಕೊನೆಗೆ ಉತ್ತರಕ್ಕೆ ತಲೆ ಹಾಕಿ ಮಲಗಿದ ಆನೆಯ ಚರ್ಮ ಒಯ್ಯುತ್ತಾರೆ. ಅಜ್ಜಿ ಯಮನನ್ನು ತೋರಿಸಿ ಹೆದರಿಸಿದವಳಲ್ಲ. "ತಂಗಿ ಚಿಂತಿ ಅಣ್ಣಗ ಎಷ್ಟಿತ್ತು ನೋಡು" ಅಂದು ಅಲ್ಲೇ ಗಂಟಲು ಕಟ್ಟಿಸಿಕೊಳ್ಳುತ್ತಿದ್ದಳು. ಒಮ್ಮೆ ನನ್ನ ತಮ್ಮ, "ಆನೆ ಏನು ತಪ್ಪು ಮಾಡಿತ್ತು?" ಅಂದ. ಅಜ್ಜಿ ಉತ್ತರ ಕೊಡಲಿಲ್ಲ. ಮರುದಿನ 33 ಮುಗಿಸಿ, ದೂರದಲ್ಲಿ ಒಂದು ದೊಡ್ಡ ದುಂಡನೆ ಹೆಜ್ಜೆ ಬರೆದು, "ಇದು ಅವನ ಆನಿದು" ಎಂದಳು. ಲೆಕ್ಕ ಕೆಟ್ಟಿತು ಅಂತ ಯಾರೋ ಗೊಣಗಿದ್ದೂ ನೆನಪಿದೆ.

ತನ್ನ ನೇಮದಲ್ಲಿ ಮಾತ್ರ ಕೂದಲೆಳೆ ಸಡಿಲ ಇಲ್ಲ. ಶಾಕವ್ರತದ ತಿಂಗಳು ಕಾಯಿಪಲ್ಯ, ಹುಣಸಿಹಣ್ಣು, ಮೆಣಸಿನಕಾಯಿ ಕಣ್ಣೆತ್ತಿ ನೋಡುತ್ತಿರಲಿಲ್ಲ; ಹೆಸರುಬೇಳೆ ತೊವ್ವೆ, ಖಾರಕ್ಕೆ ಕಾಳುಮೆಣಸು, ಹುಳಿಗೆ ಒಣಗಿಸಿಟ್ಟ ಮಾವಿನಕಾಯಿ. ಆಮೇಲೆ ಮೊಸರು ಬಿಟ್ಟಳು, ಹಾಲು ಬಿಟ್ಟಳು, ಕಡೆಯ ತಿಂಗಳು ಬೇಳೆಯನ್ನೂ ಬಿಟ್ಟಳು. ಆದರೆ ಹೊರಗಿನ ಒಲೆಯ ಮೇಲೆ ನಮಗೆ ಬದನೆಕಾಯಿ ಪಲ್ಯ ಆಗುತ್ತಿತ್ತು. "ಹುಡುಗ್ರಿಗೆ ವ್ರತ ಇಲ್ಲ, ಹಸಿವಿ ಅದ." ಪಲ್ಯ ಮಾಡಿಟ್ಟು ಮತ್ತೆ ಸ್ನಾನ ಮಾಡಿ ಮಡಿ ಉಟ್ಟು ತನ್ನ ಅಡಿಗೆಗೆ ಕೂರುತ್ತಿದ್ದಳು, ಆ ಚಳಿಯಲ್ಲಿ.

ಈಗ ನೋಡಿದರೆ ತಿರುವುಮುರುವು. ವ್ರತದ ಪಟ್ಟಿ ಬೆಳಗಾದರೆ ಮೊಬೈಲಿಗೆ ಬಂದು ಬೀಳುತ್ತದೆ, ಯಾರು ಏನು ತಿನ್ನಬಾರದು ಅಂತ ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ಹೊಸ್ತಿಲಿಗೆ ಪ್ಲಾಸ್ಟಿಕ್ ಗೋಪದ್ಮದ ಸ್ಟಿಕರ್ ಅಂಟಿಸಿದರೆ ನಾಲ್ಕು ತಿಂಗಳ ಕೆಲಸ ಒಂದೇ ನಿಮಿಷದಲ್ಲಿ ಮುಗಿಯಿತು. ಅಂಟಿಸಬೇಡಿ ಅನ್ನುವಷ್ಟು ದೊಡ್ಡವಳು ನಾನಲ್ಲ. ಆದರೂ, ಒಂದೇ ಒಂದು ಹೆಜ್ಜೆಯಾದರೂ ಸರಿ, ಕೈಯಿಂದ ಬರೆಯಿರಮ್ಮ.

ಅಜ್ಜ ಹೋದ ವರ್ಷವೂ ಆಷಾಢ ಬಂತು. ಮನೆ ತುಂಬ ನೆಂಟರು. ಅಜ್ಜಿ ಬೆಳಿಗ್ಗೆ ಡಬ್ಬಿ ಹಿಡಿದು ಅಂಗಳಕ್ಕೆ ಹೊರಟಾಗ ಹಿರಿಯ ಹೆಂಗಸೊಬ್ಬರು, "ಇನ್ನ ನಿಮಗ್ಯಾಕ ರಂಗೋಲಿ, ಸೊಸಿಯಾರು ಹಾಕ್ತಾರಲ್ಲ" ಅಂದರು. ಹಣೆಯಲ್ಲಿ ಕುಂಕುಮ ಇಲ್ಲದ ಅಜ್ಜಿಯನ್ನು ನೋಡುವ ಅಭ್ಯಾಸವೇ ನಮಗಿನ್ನೂ ಆಗಿರಲಿಲ್ಲ. ಆಕೆ ಒಂದು ಮಾತೂ ಎದುರಾಡಲಿಲ್ಲ. ಡಬ್ಬಿ ಹಿಡಿದುಕೊಂಡೇ ನಡುಮನೆ, ಅಡಿಗೆಮನೆ ದಾಟಿ ಹಿತ್ತಲಿಗೆ ಹೋದಳು. ಅಲ್ಲಿ ಬಾವಿಯ ಹತ್ತಿರ ತಾನಾಗಿ ಎದ್ದ ಒಂದು ತುಳಸಿ ಗಿಡ, ಕಟ್ಟೆ ಕೂಡ ಇಲ್ಲ. ನೆಲ ಸಾರಿಸಿ ಕೂತಳು. ನಾನು ಹಿಂದೆಯೇ ಹೋಗಿದ್ದೆ. ಕೈ ನಡುಗುತ್ತಿತ್ತು, ಗೆರೆ ಮಾತ್ರ ನೆಟ್ಟಗಿತ್ತು. ವಸುಗಳು ಮುಗಿದು ರುದ್ರರು ಶುರುವಾಗುವಾಗ ನನ್ನ ಕಡೆ ತಿರುಗಿ, "ಮುಂಬಾಗಲಿಂದ ಬರ್ಬ್ಯಾಡಂದ್ರ ಆಕಳು ಹಿತ್ತಲಿಂದ ಬರ್ತದ" ಎಂದಳು. ಇರುವಷ್ಟು ವರ್ಷವೂ ಅಲ್ಲೇ ಬರೆದಳು.

ಶಾಸ್ತ್ರ ಏನನ್ನುತ್ತದೆ ಅಂತ ವಾದಕ್ಕೆ ನಿಲ್ಲುವ ವಿದ್ಯೆ ನನ್ನಲ್ಲಿಲ್ಲ. ಆ ಹಿತ್ತಲಿಗೆ ಸ್ವಾಮಿ ಬರದೇ ಇದ್ದಾನು ಎಂದು ನಂಬುವ ಶಕ್ತಿಯೂ ಇಲ್ಲ.

ಈ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ತುಳಸಿ ಕುಂಡದ ಸುತ್ತ 33 ಹಿಡಿಸುವುದೇ ಸಾಹಸವಾಗಿತ್ತು. ಪ್ರದಕ್ಷಿಣೆಗೆ ಜಾಗವಿಲ್ಲದೆ ನಿಂತಲ್ಲೇ ಸುತ್ತಿದ್ದೇನೆ. ದ್ವಾದಶಿಯ ಪ್ರಸಾದಕ್ಕೆ ಬಂದ ಎದುರುಮನೆಯ ಆಂಟಿ ಬಹಳ ಹೊತ್ತು ರಂಗೋಲಿ ನೋಡುತ್ತ ನಿಂತರು. ಅವರ ಯಜಮಾನರು ತೀರಿಕೊಂಡು ಎರಡು ವರ್ಷ. "ಇದನ್ನ ನಾನೂ ಹಾಕಬಹುದಾ?" ಎಂದು ಕೇಳಿದರು, ಬಾಗಿಲ ಕಡೆ ಒಮ್ಮೆ ನೋಡಿಕೊಂಡು. ಮುಂದಿನ ಆಷಾಢದಿಂದ ಇಬ್ಬರೂ ಸೇರಿ ಹಾಕುವುದೆಂದು ಮಾತಾಗಿದೆ. ಅವರ ಬಾಲ್ಕನಿ ನಮ್ಮದಕ್ಕಿಂತ ದೊಡ್ಡದು, ಹಾಗಾಗಿ ಅಲ್ಲೇ. ಪುಡಿ ಧಾರವಾಡದಿಂದ ತರಿಸುವ ಜವಾಬ್ದಾರಿ ನನ್ನದು.