ಅರಿಸಾಕಾ ಕೋವಿ: ಎಮರಿ ಪೇಪರ್ ಹಿಡಿಯುವ ಮುನ್ನ

ಎರಡನೇ ಮಹಾಯುದ್ಧಕಾಲದ ಜಪಾನಿ ಸೇನೆಯ ಅರಿಸಾಕಾ ಕೋವಿಯೊಂದು ಅಟ್ಟದಿಂದ ಕೆಳಗಿಳಿದರೆ ಮೊದಲು ಹುಟ್ಟುವ ಆಸೆ, ಅದನ್ನು ಉಜ್ಜಿ ಫಳಫಳ ಹೊಳೆಯುವಂತೆ ಮಾಡಬೇಕೆಂದು. ಎಂಬತ್ತು ವರ್ಷ ಉಳಿದುಬಂದದ್ದು ಒಂದೇ ಸಂಜೆಯಲ್ಲಿ ಅಳಿಸಿಹೋಗುವುದು ಹಾಗೆಯೇ. ಅರಿಸಾಕಾ ಕೋವಿಯ ಬೆಲೆಯೆಲ್ಲ ಮೇಲ್ಮೈಯಲ್ಲಿದೆ: ಮರದ ಮೇಲಿನ ಉರುಷಿ ಎಂಬ ಮರಸೊನೆಯ ಮೆರುಗು, ಕಾರ್ಖಾನೆಯ ಮುದ್ರೆಗಳು, ಅರ ಉಜ್ಜಿದ ಗೀರುಗಳು. ಇನ್ನಷ್ಟು ಹಾಳಾಗದಂತೆ ತಡೆಯುವುದು ನಮ್ಮ ಕೆಲಸ, ಹೊಸದು ಮಾಡುವುದಲ್ಲ.

ಕೈಗೆ ಬಂದದ್ದು ಯಾವ ಮಾದರಿ ಎಂಬುದನ್ನು ರಿಸೀವರ್ (ನಳಿಗೆಯ ಹಿಂಬದಿಗೆ ಕೂರುವ ಉಕ್ಕಿನ ಭಾಗ) ಮೇಲಿನ ಜಪಾನಿ ಅಕ್ಷರವೇ ಹೇಳುತ್ತದೆ. ಮೂರು ಅಡ್ಡಗೀಟು, ಅದರ ಕೆಳಗೆ ಎರಡು ಓರೆಗೀಟು ಇದ್ದರೆ ಅದು ಟೈಪ್ 38. 1905ರಲ್ಲಿ, ಅಂದರೆ ಮೇಜಿ ಆಳ್ವಿಕೆಯ 38ನೇ ವರ್ಷ, ಸೇನೆಗೆ ಬಂದದ್ದು, 6.5 ಮಿ.ಮೀ. ತೋಟಾ, ಸುಮಾರು 128 ಸೆಂ.ಮೀ. ಉದ್ದ. ಒಂದೇ ಅಕ್ಷರ ಎರಡು ಸಲ ಇದ್ದರೆ ಟೈಪ್ 99. 1939 ಜಪಾನಿನ ಸಾಮ್ರಾಜ್ಯ ಶಕೆಯಲ್ಲಿ 2599, ಆ ಕೊನೆಯ ಎರಡಂಕಿಯೇ ಹೆಸರಾಯಿತು, 7.7 ಮಿ.ಮೀ. ತೋಟಾ, ಗಿಡ್ಡ ಮಾದರಿ ಸುಮಾರು 112 ಸೆಂ.ಮೀ. ಅಕ್ಷರ ಅಳಿಸಿಹೋಗಿದ್ದರೆ ರಿಸೀವರ್ ನೆತ್ತಿಯ ಅನಿಲರಂಧ್ರ ಎಣಿಸಿ: ಟೈಪ್ 38ಕ್ಕೆ ಎರಡು, ಟೈಪ್ 99ಕ್ಕೆ ಒಂದು. ಬರ್ಮಾ ರಂಗದಲ್ಲಿ ಎರಡೂ ಬಳಕೆಯಲ್ಲಿದ್ದವು. ನಮ್ಮವರಿಗೆ ಪರಿಚಿತವಾದ ತ್ರೀ ನಾಟ್ ತ್ರೀಗೂ 7.7ಕ್ಕೂ ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ ಆದರೂ ತೋಟಾ ಬೇರೆ. ಒಂದು ಇನ್ನೊಂದರಲ್ಲಿ ಕೂರುವುದಿಲ್ಲ.

ಕಾನೂನಿನ ಮಾತು ಮೊದಲೇ ಮುಗಿಸೋಣ. 1959ರ ಆಯುಧ ಕಾಯ್ದೆಯ ಪ್ರಕಾರ ಬಿಡಿಭಾಗಗಳೂ ಆಯುಧವೇ, ಹಾಗಾಗಿ ಬರೀ ಬೋಲ್ಟ್ (ತೋಟಾ ತುಂಬಲು ಹಿಂದೆಮುಂದೆ ಎಳೆಯುವ ಭಾಗ) ತರಿಸಿಕೊಂಡರೂ ತೊಂದರೆ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಇಟ್ಟುಕೊಳ್ಳಬಹುದಾದದ್ದು ಎರಡೇ ಕೋವಿ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೆಯ ಕೋವಿಗೆ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಉಂಟು. ಆದರೆ ನಮ್ಮ ಕೋವಿ ಆ ಸಾಲಿಗೆ ಸೇರುತ್ತದೆ ಎಂದು ನಾವೇ ತೀರ್ಮಾನಿಸಬಾರದು. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿಯಿಂದ ಆ ತೀರ್ಮಾನವನ್ನು ಬರಹದಲ್ಲಿ ಪಡೆಯಿರಿ. ನಳಿಗೆ ಮುಚ್ಚಿ ನಿಷ್ಕ್ರಿಯಗೊಳಿಸಿದ್ದರೆ ಅದು ಹಾಗೆಯೇ ಇರಲಿ. ಯಂತ್ರಭಾಗದ ರಿಪೇರಿಗೆ ಪರವಾನಗಿ ಇರುವ ಗನ್‌ಸ್ಮಿತ್ ಬೇಕು. ಇಲ್ಲಿ ಹೇಳುವುದೆಲ್ಲ ಶುಚಿ ಮತ್ತು ಸಂರಕ್ಷಣೆಯ ಮಾತು.

ಬೋಲ್ಟ್ ಹಿಂದಕ್ಕೆಳೆದು, ಟಾರ್ಚ್ ಹಾಕಿ, ಚೇಂಬರಿಗೆ ಕಿರುಬೆರಳು ತೂರಿಸಿ ಖಾಲಿ ಎಂದು ಖಚಿತಪಡಿಸಿಕೊಳ್ಳಿ. ಮ್ಯಾಗಜೀನ್ ತಳವನ್ನೂ ತೆರೆದು ನೋಡಿ. ರಿಸೀವರಿನ ಎಡಗಡೆಯ ಬೋಲ್ಟ್ ಸ್ಟಾಪನ್ನು ಹೊರಕ್ಕೆಳೆದರೆ ಬೋಲ್ಟ್ ಪೂರ್ತಿ ಹೊರಬರುತ್ತದೆ. ಹಿಂಬದಿಯ ಗರಗರೆಯ ಸೇಫ್ಟಿ ಗುಂಡಿಯನ್ನು ಅಂಗೈಯಿಂದ ಒತ್ತಿ ತಿರುಗಿಸಿದರೆ ಬೋಲ್ಟ್ ಬಿಚ್ಚಿಕೊಳ್ಳುತ್ತದೆ, ಉಪಕರಣವೇ ಬೇಡ. ಒಳಗಿನ ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಮುಖದ ನೇರಕ್ಕೆ ಹಿಡಿಯಬೇಡಿ. ಪ್ರತಿ ಭಾಗದ ಮೇಲಿನ ಅಂಕಿಯ ಫೋಟೋ ತೆಗೆಯಿರಿ. ಕೆಲವು ಕಾರ್ಖಾನೆಗಳು ಜೋಡಣೆಗೆಂದೇ ಬೇರೆ ಅಂಕಿ ಹಾಕುತ್ತಿದ್ದವು. ಬೋಲ್ಟಿನ ಅಂಕಿ ರಿಸೀವರಿನ ಕ್ರಮಸಂಖ್ಯೆಗೆ ತಾಳೆಯಾಗದಿದ್ದರೆ ಭಾಗ ಬದಲಾಗಿದೆ ಎಂದು ಹೇಳಲಾಗದು. ಸಣ್ಣ ಭಾಗಗಳು ತಮ್ಮತಮ್ಮಲ್ಲೇ ತಾಳೆಯಾಗುತ್ತವೆಯೇ ನೋಡಿ.

ಮರದಿಂದ ಕಬ್ಬಿಣ ಬಿಡಿಸುವಾಗ ಹೆಚ್ಚು ಹಾಳಾಗುವುದು ಸ್ಕ್ರೂ ತಲೆ. ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರುವ ಬಿಟ್ ಬೇಕು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಸಿಗುವ ಸಾಮಾನ್ಯ ಸ್ಕ್ರೂಡ್ರೈವರಿನ ತುದಿ ಬೆಣೆಯಂತೆ ಇಳಿಜಾರಾಗಿದ್ದು ಜಾರುತ್ತದೆ. ಅರದಿಂದ ಎರಡೂ ಮೈ ಸಮಾನಾಂತರವಾಗುವಂತೆ ತೀಡಿಕೊಳ್ಳಿ. ಕಚ್ಚಿಕೊಂಡಿದ್ದರೆ ತುಕ್ಕು ಸಡಿಲಿಸುವ ಎಣ್ಣೆ ಎರಡು ಹನಿ ಬಿಟ್ಟು ಎರಡು ದಿನ ಕಾಯಿರಿ. ಎಣ್ಣೆ ಹೆಚ್ಚಾದರೆ ಮರಕ್ಕೆ ಇಳಿಯುತ್ತದೆ.

ತುಕ್ಕಿನ ಮಾತು. ಕೋವಿಯ ಕಪ್ಪು ಬಣ್ಣವೂ ಕಬ್ಬಿಣದ ಆಕ್ಸೈಡೇ. ಆದ್ದರಿಂದ ಕೆಂಪು ತುಕ್ಕನ್ನು ಕರಗಿಸುವ ವಿನೆಗರ್, ನಿಂಬೆರಸ, ಫಾಸ್ಫಾರಿಕ್ ಆಮ್ಲದ ದ್ರಾವಣ ಕಪ್ಪನ್ನೂ ತಿಂದುಬಿಡುತ್ತವೆ. ಉಳಿಯುವುದು ಬೂದಿಬಣ್ಣದ ಬೋಳು ಕಬ್ಬಿಣ. ತೆಳು ಮೆಷಿನ್ ಎಣ್ಣೆ ಹಚ್ಚಿ ಒಂದು ದಿನ ಬಿಡಿ, ಆಮೇಲೆ ನಾಲ್ಕು ಸೊನ್ನೆಯ (0000, ಅತಿ ನವಿರಾದ) ಸ್ಟೀಲ್ ವುಲ್‌ನಿಂದ ಭಾರ ಹಾಕದೆ ತೀಡಿ, ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕೆಂಪು ಹತ್ತುವುದು ನಿಲ್ಲುವವರೆಗೆ ಇದೇ ಕ್ರಮ. ಗಂಟುಗಟ್ಟಿದ ತುಕ್ಕಿಗೆ ಹಿತ್ತಾಳೆಯ ಚೂರಿನ ಅಂಚು ಸಾಕು, ಉಕ್ಕಿಗಿಂತ ಮೆದುವಾದ್ದರಿಂದ ಗೀರು ಬೀಳದು. ಗುಳಿಗಳು ಉಳಿಯುತ್ತವೆ, ಉಳಿಯಲಿ. ರಿಸೀವರ್ ಮೇಲಿನ ಹದಿನಾರು ಎಸಳಿನ ಸೇವಂತಿಗೆ ಮುದ್ರೆಯನ್ನು, ಅಂದರೆ ಜಪಾನಿ ಚಕ್ರವರ್ತಿಯ ಲಾಂಛನವನ್ನು, ಅರೆದು ಅಳಿಸಿದ್ದರೆ ಅದನ್ನು ಮತ್ತೆ ಕೊರೆಸುವುದು ದೊಡ್ಡ ತಪ್ಪು. 1945ರ ಶರಣಾಗತಿಯ ಹೊತ್ತಿನ ಗುರುತು ಅದು, ಚರಿತ್ರೆಯ ಭಾಗ.

ಆ ಕಾಲದ ತೋಟಾಗಳ ಪ್ರೈಮರ್ ನಳಿಗೆಯಲ್ಲಿ ಉಪ್ಪಿನಂಶ ಬಿಡುತ್ತಿತ್ತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಲ್ಲೇ ಕರಗಬೇಕು. ವರ್ಷಗಟ್ಟಲೆ ಎಣ್ಣೆ ಹಾಕಿದರೂ ಒಳಗೆ ತುಕ್ಕು ಬೆಳೆಯುವುದು ಅದಕ್ಕೇ. ಮರದಿಂದ ಬಿಡಿಸಿದ ನಳಿಗೆಗೆ ಹಿಂಬದಿಯಿಂದ ಕೊಳವೆ ಇಟ್ಟು ಒಂದೆರಡು ಲೀಟರ್ ಕುದಿನೀರು ಹುಯ್ಯಿರಿ. ಬಿಸಿಯಾದ ಲೋಹ ತಾನೇ ಒಣಗುತ್ತದೆ. ಕೂಡಲೇ ಒಣಬಟ್ಟೆ ಹಾಯಿಸಿ ತೆಳುವಾಗಿ ಎಣ್ಣೆ ಸವರಿ. ಟೈಪ್ 99ರ ಮೊದಮೊದಲ ಕೋವಿಗಳ ನಳಿಗೆಯೊಳಗೆ ಕ್ರೋಮ್ ಲೇಪವಿದೆ, ಕೊನೆಯವಲ್ಲಿ ಅದನ್ನು ಕೈಬಿಟ್ಟರು.

ಇನ್ನು ಮರ. ಭುಜಕ್ಕೆ ಒತ್ತುವ ಬಟ್ ಭಾಗದಲ್ಲಿ ಉದ್ದಕ್ಕೂ ಒಂದು ಗೆರೆ ಕಾಣುತ್ತದೆ. ಅದನ್ನು ಬಿರುಕೆಂದು ತಿಳಿದು ಎಪಾಕ್ಸಿ ತುಂಬಿದ ಕೋವಿಗಳು ಬಹಳ. ಅದು ಬಿರುಕಲ್ಲ, ಜಪಾನಿಗಳು ಮರ ಉಳಿಸಲು ಎರಡು ತುಂಡನ್ನು ಕಚ್ಚುಹಾಕಿ ಕೂಡಿಸಿದ ಬೆಸುಗೆ. ಅದು ಸಡಿಲಾಗಿದ್ದರೆ ಹಳೆಯ ಅಂಟಿನ ಧೂಳು ತೆಗೆದು ಬಡಗಿಗಳ ಸರೇಸು ಬಳಸಿ: ಒಂದು ಪಾಲು ಸರೇಸಿಗೆ ಎರಡು ಪಾಲು ನೀರು, ರಾತ್ರಿಯಿಡೀ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಸುಮಾರು 60 ಡಿಗ್ರಿಗೆ ಕಾಯಿಸಿ. ಕುದಿಸಿದರೆ ಬಲ ಹೋಗುತ್ತದೆ. ಕ್ಲಾಂಪಿನ ಬಾಯಿಗೆ ಕಾರ್ಕ್ ಇಟ್ಟು 24 ಗಂಟೆ ಹಿಡಿಸಿ. ಸರೇಸನ್ನು ನಾಳೆ ಯಾರಾದರೂ ಬಿಸಿ ಮಾಡಿ ಬಿಡಿಸಬಹುದು. ಎಪಾಕ್ಸಿಗೆ ಆ ಗುಣವಿಲ್ಲ.

ಮೇಲಿನ ಮೆರುಗು ಉರುಷಿ ಮರದ ಸೊನೆ. ನಮ್ಮ ಮಾವು, ಗೇರು ಮರಗಳ ಕುಟುಂಬದ್ದೇ ಅದು. ಗೇರುಸೊನೆ ಚರ್ಮ ಸುಡುವಂತೆ ಇದೂ ತುರಿಸುತ್ತದೆ, ಉಜ್ಜಿದ ಪುಡಿಯಿಂದಲೂ ಕೆಲವರಿಗೆ ದದ್ದು ಏಳಬಹುದು, ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಗಟ್ಟಿಯಾದ ಉರುಷಿ ಬಹುಕಾಲ ಬಾಳುತ್ತದೆ, ಆದರೆ ಬಿಸಿಲು ಅದರ ಶತ್ರು. ಬಿಸಿಲು ತಿಂದ ಉರುಷಿ ನೀರಿಗೂ ಸ್ಪಿರಿಟ್ಟಿಗೂ ಮಂಕಾಗುತ್ತದೆ. ಹಾಗಾಗಿ ಮೊದಲು ಮೆದು ಬ್ರಷ್, ನಂತರ ಮಿನರಲ್ ಟರ್ಪೆಂಟೈನ್ ತಾಗಿಸಿದ ಹತ್ತಿ, ಅದೂ ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ರಿಸೀವರಿನ ಕೆಳಗೆ ಎಣ್ಣೆ ಕುಡಿದು ಕಪ್ಪಾದ ಬರಿಮರಕ್ಕೆ ಮುಲ್ತಾನಿ ಮಿಟ್ಟಿಯನ್ನು ಟರ್ಪೆಂಟೈನಿನಲ್ಲಿ ಕಲಸಿ ಲೇಪಿಸಿ. ಒಣಗಿದ ಮೇಲೆ ಕುಂಚದಿಂದ ಉದುರಿಸಿ, ಮೂರು ನಾಲ್ಕು ಸಲ. ಅಗಸೆ ಎಣ್ಣೆ ಬೇಡ: ಮರ ಕಪ್ಪಾಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಎಣ್ಣೆ ಒರೆಸಿದ ಬಟ್ಟೆಯ ಮುದ್ದೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ ಒಂದು ಸಲ ಸಾಕು.

1944-45ರ ಕೊನೆಗಾಲದ ಕೋವಿಗಳನ್ನು ಕಂಡಾಗ ಈ ಸಂಯಮ ಇನ್ನೂ ಕಷ್ಟ. ಸಾಮಗ್ರಿ ಮುಗಿಯುತ್ತ ಬಂದಂತೆ ಬಟ್ಟಿನ ಹಿಂಬದಿಗೆ ಉಕ್ಕಿನ ಬದಲು ಮರದ ಹಲಗೆ, ಏರಿಳಿಸುವ ಗುರಿಕಣ್ಣಿನ ಬದಲು ಅಲುಗದ ಗುರಿತೂತು, ಬೋಲ್ಟ್ ಹಿಡಿಯ ತುದಿಗೆ ದುಂಡುಗುಂಡಿಯ ಬದಲು ಸಿಲಿಂಡರ್, ಮರದ ಮೇಲೆ ಅರದ ಗುರುತು ಹಾಗೇ. ಒರಟನ್ನು ನಯ ಮಾಡಿದರೆ ಆ ಕೋವಿಯಲ್ಲಿ ಹೇಳುವುದೇನೂ ಉಳಿಯುವುದಿಲ್ಲ. ಇವುಗಳ ಜೊತೆ ತರಬೇತಿ ಕೋವಿಗಳೂ ಬೆರೆತಿರುತ್ತವೆ. ನೋಡಲು ಅದೇ ಆಕಾರ, ನಳಿಗೆಯೊಳಗೆ ಸುರುಳಿಗೆರೆ ಇಲ್ಲ, ರಿಸೀವರ್ ಎರಕದ್ದು. ಅದರಲ್ಲಿ ನಿಜವಾದ ತೋಟಾ ಹಾರಿಸಿದರೆ ಒಡೆದು ಮುಖಕ್ಕೆ ಬರುತ್ತದೆ.

ಆಯುಧಪೂಜೆಗೆ ಕೋವಿ ಇಡುವವರು ದಯವಿಟ್ಟು ಕುಂಕುಮ, ಅರಿಶಿನ, ಗಂಧಗಳನ್ನು ನೇರವಾಗಿ ಹಚ್ಚಬೇಡಿ. ಅರಿಶಿನ ಬರಿಮರಕ್ಕೆ ಇಳಿದರೆ ಹೋಗದು, ಕೊಯ್ದ ನಿಂಬೆಹಣ್ಣಿನ ರಸ ಉಕ್ಕಿನ ಕಪ್ಪನ್ನು ಒಂದು ರಾತ್ರಿಯಲ್ಲಿ ಕಿತ್ತುಹಾಕುತ್ತದೆ. ಕೋವಿಯನ್ನು ಬಟ್ಟೆಯ ಮೇಲಿಟ್ಟು, ಹೂವನ್ನು ಪಕ್ಕದಲ್ಲಿಟ್ಟು, ಕುಂಕುಮವನ್ನು ಬಟ್ಟೆಗೆ ಹಚ್ಚಿದರೆ ಪೂಜೆಗೆ ಕೊರತೆಯಿಲ್ಲ.

ಇಡುವ ಜಾಗದ ತೇವಾಂಶ ಶೇ. 45ರಿಂದ 55ರಲ್ಲಿರಲಿ. ನಮ್ಮ ಜೂನ್‌ನಿಂದ ಅಕ್ಟೋಬರ್‌ವರೆಗಿನ ಗಾಳಿ ಅದಕ್ಕಿಂತ ಬಹಳ ತೇವ, ಮಾರ್ಚ್ ಮಧ್ಯಾಹ್ನ ಅದಕ್ಕಿಂತ ಒಣ. ಮರ ಹಿಗ್ಗಿ ಕುಗ್ಗುವುದು ಈ ತುಯ್ದಾಟದಿಂದಲೇ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಅರ್ಧ ಕಿಲೋ ಇಟ್ಟು, ಕಿತ್ತಳೆ ಬಣ್ಣ ಹಸಿರಾದಾಗ 120 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಎರಡೂ ತೇವ ಹಿಡಿದು ಕಬ್ಬಿಣಕ್ಕೆ ಒತ್ತುತ್ತವೆ. ಮರದ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳುವಿದೆ ಎಂದರ್ಥ, ಕೂಡಲೇ ಬೇರೆ ಕೋವಿಗಳಿಂದ ದೂರವಿಡಿ.

ಸ್ಲಿಂಗ್, ತಂತಿಯ ಮಾನೋಪಾಡ್ (ಕೋವಿ ಊರುವ ಒಂಟಿಕಾಲು), ರಿಸೀವರ್ ಮೇಲೆ ಜಾರುವ ತಗಡಿನ ಮುಚ್ಚಳ ಮೊದಲಾದವು ಹೆಚ್ಚಿನ ಕೋವಿಗಳಲ್ಲಿ ಕಳೆದುಹೋಗಿವೆ. ಇವುಗಳ ಹೊಸ ನಕಲು ಹಾಕಿಸುವುದಾದರೆ ಒಳಮೈಯಲ್ಲಿ ಇಸವಿ ಕೆತ್ತಿಸಿ, ಕೋವಿಯ ಕಡತದಲ್ಲಿ ಯಾವ ಭಾಗ, ಯಾವ ದಿನ ಎಂದು ಬರೆದಿಡಿ.