ದಿನಚರಿ: ಮೂರು ಮುಖದ ಕಾರ್ಡು

12 ಮಾರ್ಚ್ 2025, ಬುಧವಾರ

ಇವತ್ತಿನ ಪುಟ ಡಿಬಿಟಿಗೆ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಗೆ. ಪದೇ ಪದೇ ಸ್ವಯಂಹಾನಿಗೆ, ಆತ್ಮಹತ್ಯೆಗೆ ಮುಂದಾಗುವವರಿಗಾಗಿ ಮಾರ್ಶಾ ಲೈನ್‌ಹ್ಯಾನ್ ರೂಪಿಸಿದ ಚಿಕಿತ್ಸೆ ಇದು; ಕೈಪಿಡಿ ಬಂದದ್ದು 1993ರಲ್ಲಿ. ವಾರಕ್ಕೊಂದು ವೈಯಕ್ತಿಕ ಭೇಟಿ, ವಾರಕ್ಕೊಮ್ಮೆ ಭಾವನೆ, ಸಂಕಟಗಳನ್ನು ನಿಭಾಯಿಸುವ ಕೌಶಲಗಳಿಗೆ ಎರಡು-ಎರಡೂವರೆ ಗಂಟೆಯ ತರಗತಿ, ನಡುವೆ ಕಷ್ಟ ಬಂದಾಗ ಫೋನಿನಲ್ಲಿ ಸಲಹೆ, ದಿನಾ ತುಂಬುವ ಡೈರಿ ಕಾರ್ಡು. ಓದು-ಬರಹ, ನೆನಪು, ಕೈಯಲ್ಲೊಂದು ಫೋನು ಇವೆಯೆಂದುಕೊಂಡು ಹೊಲಿದ ಅಂಗಿ. ಬೌದ್ಧಿಕ ನ್ಯೂನತೆಯಿದ್ದು ಆಸ್ಪತ್ರೆಯ ಬೀಗದ ವಾರ್ಡಿನಲ್ಲಿರುವವರಿಗೆ ಅದು ಮೈಗೆ ಕೂರುವುದಿಲ್ಲ; ಅವರ ಅಳತೆಗೆ ತಿದ್ದಿ ಹೊಲಿಯಬೇಕು.

ಮಾತು ಸರಳ ಮಾಡಬೇಕೆಂದು ಎಲ್ಲರಿಗೂ ಹೊಳೆಯುತ್ತದೆ. ತಲೆಯಲ್ಲಿ ನಿಲ್ಲದ ನೆನಪನ್ನು ಗೋಡೆಗೆ, ಜೇಬಿಗೆ, ಸಿಬ್ಬಂದಿಯ ಬಾಯಿಗೆ ದಾಟಿಸುವ ಕೆಲಸ ಮಾತ್ರ ಬಿಟ್ಟುಹೋಗುತ್ತದೆ.

ಮೊದಲು ಕಾರ್ಡು. ಮೂಲದಲ್ಲಿ ಭಾವ, ಹಂಬಲ, ಕೌಶಲ ಎಂದು ಕಾಲಮ್ಮುಗಳ ಸಾಲು, 0ಯಿಂದ 5ರವರೆಗೆ ಅಂಕ. ಮೂರು ಪ್ರಶ್ನೆಗೆ ಇಳಿಸಿ: ಮನಸ್ಸು ಹೇಗಿತ್ತು, ನೋವು ಮಾಡಿಕೊಳ್ಳಬೇಕು ಅನ್ನಿಸಿತಾ, ಯಾವ ಉಪಾಯ ಮಾಡಿದಿರಿ. ಅಂಕದ ಜಾಗದಲ್ಲಿ ಹಸಿರು, ಹಳದಿ, ಕೆಂಪು ಮುಖ. ದಿನಕ್ಕೊಂದು ಹಾಳೆ ಸಾಕು. ವಾರದ ಹಾಳೆ ಕೊಟ್ಟರೆ ಏಳೂ ದಿನದ್ದು ಭೇಟಿಗೆ ಹತ್ತು ನಿಮಿಷ ಮುಂಚೆ ಒಟ್ಟಿಗೆ ತುಂಬಿರುತ್ತದೆ. ಸಂಜೆ ಒಂದೇ ಹೊತ್ತಿಗೆ, ನರ್ಸ್ ಪಕ್ಕದಲ್ಲಿ ಕೂತು, ಆದರೆ ಪೆನ್ನು ರೋಗಿಯ ಕೈಯಲ್ಲೇ. ಪಿನ್ನು, ಸ್ಪೈರಲ್ ತಂತಿ ಬೇಡ. ಲ್ಯಾಮಿನೇಟ್ ಮಾಡಿದ ಹಾಳೆಯ ಅಂಚೂ ಚರ್ಮ ಕೊಯ್ಯುತ್ತದೆ. ದಪ್ಪ ಕಾಗದವೇ ವಾಸಿ.

ಕಾರ್ಡು ಕೆಡುವುದು ಹೇಗೆ? ದಿನಾ ಹಸಿರು ಮುಖ. ಹಸಿರಾದರೆ ಹೊಗಳಿಕೆ, ಹೊರಗೆ ಹೋಗಲು ಅನುಮತಿ ಎಂದು ಲೆಕ್ಕ ಹಾಕಿಯೂ ಇರಬಹುದು, ಎದುರಿನವರನ್ನು ಖುಷಿಪಡಿಸಲೂ ಇರಬಹುದು. "ಸಿಟ್ಟು ಬಂತಾ?" ಅಂದರೆ ಎಷ್ಟೋ ಜನ "ಹೂಂ" ಅಂದುಬಿಡುತ್ತಾರೆ. ಎರಡು ಆಯ್ಕೆ ಕೊಟ್ಟರೆ ಕೊನೆಗೆ ಕೇಳಿದ್ದನ್ನೇ ಹಿಡಿದುಕೊಳ್ಳುತ್ತಾರೆ. ಮುಖಗಳನ್ನು ಮೇಜಿನ ಮೇಲಿಟ್ಟು ಬೆರಳು ಇಡಿಸಿ. ಸ್ವಲ್ಪ ಹೊತ್ತು ಬಿಟ್ಟು ಕ್ರಮ ಬದಲಿಸಿ ಮತ್ತೆ ಕೇಳಿ. ಶಹಭಾಸ್ ಅನ್ನಬೇಕಾದದ್ದು ತುಂಬಿದ್ದಕ್ಕೆ, ಬಣ್ಣಕ್ಕಲ್ಲ. "ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯನ್ನಂತೂ ವಾರ್ಡಿನಿಂದಲೇ ಗಡೀಪಾರು ಮಾಡಬಹುದು. "ನಿಮ್ಮ ಮಾತಲ್ಲಿ ಹೇಳಿ" ಅಂದರೆ ಗೊತ್ತಾಗುತ್ತದೆ.

ತರಗತಿಯನ್ನು 45 ನಿಮಿಷಕ್ಕೆ ಇಳಿಸಿ, ನಡುವೆ ಬಿಡುವು, ಒಮ್ಮೆಗೆ ಒಂದೇ ಕೌಶಲ, ಮೊದಲ ಹತ್ತು ನಿಮಿಷ ಹಿಂದಿನದ್ದೇ. ಕೌಶಲಗಳ ಮೊದಲಕ್ಷರ ಕೂಡಿಸಿ ಕಟ್ಟಿದ ಸಂಕೇತಪದಗಳು ಕಾಗುಣಿತ ಬಾರದವರಿಗೆ ನಿರುಪಯೋಗಿ, ಚಿತ್ರ ಇಡಿ. "ಭಾವದ ಅಲೆ ಮೇಲೆ ತೇಲಿ" ಅಂದರೆ ನಿಜವಾದ ನೀರು ಹುಡುಕುವವರಿದ್ದಾರೆ. ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನ ನಿಲ್ಲಿಸುವ ಅಭ್ಯಾಸ, ಒಂದೆರಡು ನಿಮಿಷ, ಕಣ್ಣು ತೆರೆದೇ, ಕೈಯಲ್ಲೊಂದು ವಸ್ತು ಹಿಡಿದು. ಹಿಂಸೆ ಉಂಡವರಿಗೆ, ಹತ್ತು ಜನರ ನಡುವೆ ಕಣ್ಣು ಮುಚ್ಚುವುದೇ ಭಯ. ತಣ್ಣೀರಿಗೆ ಮುಖ ಒಡ್ಡುವ ಉಪಾಯ ಚುರುಕಾಗಿ ಕೆಲಸ ಮಾಡುತ್ತದೆ, ಎದೆಬಡಿತ ಇಳಿಸುತ್ತದೆ. ಅದಕ್ಕೇ ಹೃದಯದ ತೊಂದರೆ ಇದೆಯೇ, ಯಾವ ಮಾತ್ರೆ ನಡೆದಿದೆ ಎಂದು ವೈದ್ಯರನ್ನು ಮೊದಲು ಕೇಳಬೇಕು.

ಸರಪಳಿ ವಿಶ್ಲೇಷಣೆಯಲ್ಲಿ, ಅಂದರೆ ಸ್ವಯಂಹಾನಿಯಂಥ ಘಟನೆಗೆ ಏನೇನು ದಾರಿ ಮಾಡಿತೆಂದು ಬಿಡಿಸಿ ನೋಡುವಾಗ, ಘಟನೆಯಿಂದ ಹಿಂದಕ್ಕೆ ಹೋಗುತ್ತಾ ಕೊಂಡಿ ಹುಡುಕುವುದು ಇವರಿಗೆ ಕಷ್ಟ. ಬೆಳಗಿನ ತಿಂಡಿಯಂಥ ಗಟ್ಟಿ ಗುರುತಿನಿಂದ ಮುಂದಕ್ಕೆ ಬನ್ನಿ. ಐದು ಕಾರ್ಡು ಸಾಕು: ಏನಾಯಿತು, ಏನನ್ನಿಸಿತು, ಮೈಯಲ್ಲಿ ಏನಾಯಿತು, ಏನು ಮಾಡಿದೆ, ಆಮೇಲೆ ಏನಾಯಿತು. ನೆಲದ ಮೇಲೆ ಸಾಲಾಗಿ ಹರಡಿ ನಡೆದೇ ತೋರಿಸಿದರೆ ಇನ್ನೂ ಒಳ್ಳೆಯದು. ಎಲ್ಲಿ ಬೇರೆ ಹೆಜ್ಜೆ ಇಡಬಹುದಿತ್ತೋ ಅಲ್ಲಿ ಹಸಿರು ಕಾರ್ಡು. ಗದ್ದಲವಾದ ದಿನವೇ, ಹೊರಗೆ ಹೋಗುವ ಅನುಮತಿ ರದ್ದು ಮಾಡಿದವರೇ ಕೂತು ಮಾಡಿಸಿದರೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ಮುಂದಿನ ಸಲ ಬಾಯಿ ಬಿಡುವುದಿಲ್ಲ. ಹಲ್ಲುನೋವು, ಮಲಬದ್ಧತೆ, ಔಷಧದಿಂದ ಬಂದ ಚಡಪಡಿಕೆ ಇವೆಯೇ ಎಂದು ಸರಪಳಿಗೆ ಮೊದಲೇ ನೋಡಿ. ಎಲ್ಲವನ್ನೂ ನ್ಯೂನತೆಯ ತಲೆಗೆ ಕಟ್ಟುವ ಚಾಳಿ ಹಳೆಯದು.

ಫೋನ್ ಸಲಹೆಯ ಜಾಗಕ್ಕೆ ಬರುವುದು ಪಾಳಿಯ ಸಿಬ್ಬಂದಿ. ಸಮಸ್ಯೆಯೂ ಅಲ್ಲೇ. ಸ್ವಯಂಹಾನಿ ಆದೊಡನೆ ಒಬ್ಬರು ಪಕ್ಕದಲ್ಲೇ ಕೂತು ಕಾಯಬೇಕಾಗುತ್ತದೆ; ಸುರಕ್ಷತೆಗೆ ಅದು ಬೇಕು. ಆದರೆ ದಿನವಿಡೀ ಮಾತಾಡಿಸುವವರಿಲ್ಲದ ವ್ಯಕ್ತಿಗೆ ಗಾಯದಿಂದ ಜೊತೆ ಸಿಕ್ಕಿತು ಅನ್ನುವ ಪಾಠವೂ ಅದೇ ಆಗುತ್ತದೆ. ಕಾವಲು ತೆಗೆಯಬೇಕಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವಾಗ ಮಾತು ಕಡಿಮೆ, ದನಿ ಸಮ. ಏನೂ ಆಗದ ದಿನ, ಮೊದಲೇ ಗೊತ್ತುಮಾಡಿದ ಹೊತ್ತಿಗೆ ಹದಿನೈದು ನಿಮಿಷದ ಹರಟೆ, ದಿನಕ್ಕೆರಡು ಸಲ. ಆ ಹರಟೆಯನ್ನು ಶಿಕ್ಷೆಯೆಂದು ಎಂದೂ ಕಿತ್ತುಕೊಳ್ಳಬಾರದು.

ರಾತ್ರಿ ಪಾಳಿಗೆ ಹೊಸಬರು ಬಂದಾಗ ಇದಿಷ್ಟೂ ಕುಸಿಯುತ್ತದೆ. ತರಬೇತಿ ಕೊಡಲು ಹೊತ್ತಿಲ್ಲ. ಹಾಗಾಗಿ ಪಾಳಿ ಬದಲಾಗುವಾಗ ಕೀಲಿಗೊಂಚಲಿನ ಜೊತೆ ಪ್ರತಿ ರೋಗಿಗೊಂದು ಅಂಗೈ ಅಗಲದ ಚೀಟಿ: ಕೆಂಪಿನ ಗುರುತು ಏನು, ಮೊದಲು ಯಾವ ಉಪಾಯ ನೆನಪಿಸಬೇಕು, ಯಾವ ಮಾತು ಆಡಲೇಬಾರದು. ಮೂರನೆಯ ಸಾಲನ್ನು ರೋಗಿಯೇ ಹೇಳಿ ಬರೆಸಬೇಕು.