ಅಷ್ಟೊಂದು ಸಾಮಾನು ಬಿಡೋಕೆ ಮನಸ್ಸು ಹೇಗೆ ಬಂತು?

ದಾವಣಗೆರೆ ಬಿಟ್ಟು ಮಂಗಳೂರಿಗೆ ಬಂದಾಗ ನನಗೆ 49. ಅಂದಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: 23 ವರ್ಷದ ಸಂಸಾರದ ಸಾಮಾನು ಏನು ಮಾಡಿದಿರಿ? ಬಿಡೋಕೆ ಮನಸ್ಸಾದರೂ ಹೇಗೆ ಬಂತು?

ಮನಸ್ಸು ಬರಲಿಲ್ಲ. ಮಳೆ ತೀರ್ಮಾನ ಮಾಡಿತು.

ದಾವಣಗೆರೆಯಲ್ಲಿ ವರ್ಷಕ್ಕೆ ಸುಮಾರು 650 ಮಿಲಿಮೀಟರ್ ಮಳೆ. ಮಂಗಳೂರಿನಲ್ಲಿ 3,500ಕ್ಕೂ ಜಾಸ್ತಿ. ನಮ್ಮ ಒಣ ಗಾಳಿಯಲ್ಲಿ ಅಟ್ಟಕ್ಕೆ ಹಾಕಿದ್ದನ್ನು ಹತ್ತು ವರ್ಷ ಬಿಟ್ಟು ತೆಗೆದರೂ ಧೂಳು ಕೊಡವಿದರೆ ಆಯ್ತು. ಬಯಲುಸೀಮೆಯವರು ಏನನ್ನೂ ಬಿಸಾಡದಿರುವುದು ಅದಕ್ಕೇ ಇರಬೇಕು. ಜುಲೈನಲ್ಲಿ ಮನೆ ನೋಡಲು ಬಂದಿದ್ದೆವು. ಓನರ್ ಒಂದು ಬೀರು ತೆಗೆದು ತೋರಿಸಿದರು. ಒಳಗೆ ನೇತು ಹಾಕಿದ್ದ ಚರ್ಮದ ಬೆಲ್ಟಿನ ತುಂಬ ಹಸಿರು ಬೂಷ್ಟು, ಹತ್ತಿ ಅಂಟಿಸಿದ ಹಾಗೆ. ವಾಪಸ್ ಹೋಗುವಾಗ ಶಿವಮೊಗ್ಗ ದಾಟುವವರೆಗೂ ನನ್ನ ತಲೆಯಲ್ಲಿ ಆ ಬೆಲ್ಟೇ.

ಊರಿಗೆ ಹೋದವಳೇ ಅಟ್ಟ ಹತ್ತಿದೆ. ಒಂದೊಂದನ್ನೂ ಕೈಗೆತ್ತಿಕೊಂಡು, ಮಳೆಗಾಲದ ನಾಲ್ಕು ತಿಂಗಳು ಇದನ್ನು ಯಾರು ಒರೆಸುತ್ತಾರೆ ಅಂತ ಕೇಳಿಕೊಂಡೆ. ಕಬ್ಬಿಣದ ಬೀರು, ಹಾಸಿಗೆಗಳು, ಮಕ್ಕಳ ಹಳೇ ನೋಟ್‌ಬುಕ್ಕು ಎಲ್ಲ ಹೋದವು. ಹಳೇ ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ ಇರುತ್ತೆ, ಗುಜರಿಯವನು ಒಡೆದು ಹಾಕುವುದು ಬೇಡ ಅಂತ ಇ-ತ್ಯಾಜ್ಯದವರಿಗೆ ಕೊಟ್ಟೆವು. ಅಪ್ಪ ಚಳ್ಳಕೆರೆಯಿಂದ ತಂದುಕೊಟ್ಟಿದ್ದ ಕಂಬಳಿ ಮಾತ್ರ ಎರಡು ದಿನ ಮಂಚದ ಮೇಲೇ ಇತ್ತು. ಕೊನೆಗೆ ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವ ತಮ್ಮನಿಗೆ ಕೊಟ್ಟೆ. ಅವನಿಗೆ ನಿಜಕ್ಕೂ ಬೇಕಿತ್ತು. ನಾನು ಸುಮ್ನೆ ಬೇವಿನ ಎಲೆ ಹಾಕಿ ಮಡಚಿಟ್ಟಿದ್ದೆ.

ಸ್ಟೀಲಿಗೆ ಮಾತ್ರ ಮಳೆಯ ನೆಪ ನಡೆಯಲಿಲ್ಲ. ಮದುವೆಗೆ ಬಂದ ಬಿಂದಿಗೆಗಳೇ 11. ಎರಡು ಬಿಂದಿಗೆ ನೀರು ತುಂಬಿ ಎಷ್ಟು ವರ್ಷವಾಯಿತೋ! ಎಲ್ಲದರ ಕತ್ತಿನ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು. ಮಂಡಿಪೇಟೆಗೆ ತೂಕಕ್ಕೆ ಒಯ್ಯುವ ಮುಂಚೆ ಕೂತು ಎಲ್ಲ ಓದಿದೆ. ಅರ್ಧ ಜನ ಈಗಿಲ್ಲ. ಒಂದರ ಮೇಲೆ ನನ್ನ ಹೆಸರನ್ನೇ ತಪ್ಪಾಗಿ ಕೊರೆದಿದ್ದರು, ಅದಕ್ಕೆ ಆಗ ದೊಡ್ಡ ಜಗಳ ಆಗಿತ್ತು. ಅದೊಂದನ್ನು ಇಟ್ಟುಕೊಂಡೆ.

ತಪ್ಪು ಮಾಡಿಲ್ಲವೇ ಅಂದರೆ, ಮಾಡಿದ್ದೇನೆ. ಚೀಲದ ಮಂಡಕ್ಕಿ ಹಿಡಿಯುವ ತಗಡಿನ ಡಬ್ಬ ಇತ್ತು. ಮುಚ್ಚಳ ತೆಗೆಯಲು ಚಮಚದ ಹಿಡಿಯಿಂದ ಮೀಟಬೇಕು, ಅಷ್ಟು ಬಿಗಿ. ಜಾಗ ತಿನ್ನುತ್ತೆ ಅಂತ ಪಕ್ಕದ ಮನೆಗೆ ಕೊಟ್ಟು ಬಂದೆ. ಇಲ್ಲಿ ಬೆಳಗ್ಗೆ ಬಿಚ್ಚಿದ ಮಂಡಕ್ಕಿ ಸಂಜೆಗೆ ಮೆತ್ತಗೆ. ಒಣ ಊರಲ್ಲಿ ಇಲ್ಲದಿದ್ದರೂ ನಡೆಯುತ್ತಿದ್ದ ಡಬ್ಬ ಅದು, ಬೇಕಾಗಿದ್ದೇ ಇಲ್ಲಿ. ಕೊಟ್ಟಿದ್ದನ್ನು ವಾಪಸ್ ಕೇಳೋದು ಚೆನ್ನಾಗಿರಲ್ಲ, ಅಲ್ವಾ? ದಸರಾಕ್ಕೆ ಹೋದಾಗ ಅವರ ಅಡುಗೆಮನೆಗೊಮ್ಮೆ ಇಣುಕಿ, ಅದರಲ್ಲಿ ಏನು ಹಾಕಿದ್ದಾರೆ ಅಂತ ನೋಡಿಕೊಂಡು ಬರುತ್ತೇನೆ.